ವಿದೇಶದಲ್ಲಿ ಬಾಡಿಗೆ ಕಾರು ಓಡಿಸಲು ನಮ್ಮ ಡಿಎಲ್ ಸಾಕೇ?

ರೋಮ್ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರ್ ಮುಂದೆ ನನ್ನ ಭಾವ ಮುಕ್ಕಾಲು ಗಂಟೆ ನಿಂತಿದ್ದರು. ಕಾರು ಬುಕ್ ಆಗಿತ್ತು, ದುಡ್ಡು ಕಟ್ಟಿ ಎರಡು ತಿಂಗಳಾಗಿತ್ತು. ಕೌಂಟರಿನ ಹುಡುಗಿ ಡಿಎಲ್ ಕೇಳಿದಾಗ ಭಾವ ಮೊಬೈಲ್ ತೆಗೆದು ಡಿಜಿಲಾಕರ್ ತೋರಿಸಿದರು. ಅದಲ್ಲ, ಕಾರ್ಡ್ ಕೊಡಿ ಅಂದಳು. ಅಕ್ಕ ಹ್ಯಾಂಡ್‌ಬ್ಯಾಗಿನ ತಳ ಕೆದಕಿ ಕಾರ್ಡ್ ತೆಗೆದು ಕೊಟ್ಟಳು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಹುಡುಗಿ, ಇದರ ಜೊತೆ ಇನ್ನೊಂದು ಇರಬೇಕಲ್ಲ, ಬೂದು ಬಣ್ಣದ ಸಣ್ಣ ಪುಸ್ತಕ, ಎಂದು ಕೇಳಿದಳು. ಐಡಿಪಿ ಎನ್ನುವ ಆ ಪುಸ್ತಕ ಇವರ ಹತ್ತಿರ ಇರಲಿಲ್ಲ. ಕಾರು ಸಿಗಲಿಲ್ಲ, ಕಟ್ಟಿದ ದುಡ್ಡೂ ವಾಪಸ್ ಬರಲಿಲ್ಲ. ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ರೈಲು ಹತ್ತಿದರು.

ಇದೇ ಭಾವನ ತಮ್ಮ ಅದಕ್ಕೂ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾರು ಓಡಿಸಿ ಬಂದಿದ್ದ, ಬರೀ ಕರ್ನಾಟಕದ ಡಿಎಲ್ ಕಾರ್ಡ್ ಇಟ್ಟುಕೊಂಡು. ಅವನನ್ನು ಯಾರೂ ಏನೂ ಕೇಳಲಿಲ್ಲ. "ಐಡಿಪಿ ಗೈಡಿಪಿ ಏನೂ ಬೇಡ ಅತ್ತಿಗೆ, ಸುಮ್ನೆ ಹೋಗ್ಬನ್ನಿ" ಎಂದು ಹೇಳಿ ಕಳಿಸಿದವನೂ ಅವನೇ. ಅವನು ಸುಳ್ಳು ಹೇಳಿರಲಿಲ್ಲ, ರೋಮ್‌ನ ಹುಡುಗಿಯದೂ ತಪ್ಪಿರಲಿಲ್ಲ. ಈಗ ಪ್ರವಾಸಕ್ಕೆ ಹೋದವರು ಪ್ಯಾಕೇಜ್ ಟೂರ್ ಬಿಟ್ಟು ತಾವೇ ಸ್ಟೀರಿಂಗ್ ಹಿಡಿಯುವುದು ಹೆಚ್ಚಾಗಿರುವುದರಿಂದ, ಈ ಗೊಂದಲವನ್ನು ಬುಡದಿಂದ ಬಿಡಿಸಿಕೊಳ್ಳುವುದು ಒಳ್ಳೆಯದು.

ಐಡಿಪಿ ಅಂದರೆ ಲೈಸೆನ್ಸ್ ಅಲ್ಲ, ತಾತ್ಪರ್ಯ

ಐಡಿಪಿ ಎಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಜನ ಇದನ್ನು ಇಂಟರ್‌ನ್ಯಾಷನಲ್ ಲೈಸೆನ್ಸ್ ಅನ್ನುತ್ತಾರೆ. ಗೊಂದಲ ಅಲ್ಲಿಂದಲೇ ಶುರು. ಇದು ಲೈಸೆನ್ಸ್ ಅಲ್ಲವೇ ಅಲ್ಲ. ಇದಕ್ಕೆ ಯಾವ ಪರೀಕ್ಷೆಯೂ ಇಲ್ಲ, ಟ್ರ್ಯಾಕ್‌ನಲ್ಲಿ ಎಂಟು ಹಾಕುವುದೂ ಇಲ್ಲ.

ಶಾಲೆಯ ಪಠ್ಯಪುಸ್ತಕದಲ್ಲಿ ಹಳಗನ್ನಡ ಪದ್ಯದ ಕೆಳಗೆ ತಾತ್ಪರ್ಯ ಇರುತ್ತಿತ್ತಲ್ಲ, ಐಡಿಪಿ ಅಂಥದ್ದು. ನಮ್ಮ ಡಿಎಲ್ ಮೂಲ ಪದ್ಯ. ಅದರಲ್ಲಿರುವ ಹೆಸರು, ಹುಟ್ಟಿದ ತಾರೀಖು, ಯಾವ ಯಾವ ಗಾಡಿ ಓಡಿಸಬಹುದು ಎನ್ನುವುದನ್ನು ಬೇರೆ ದೇಶದ ಪೊಲೀಸನಿಗೆ ಅರ್ಥವಾಗುವ ಹಾಗೆ, ಒಪ್ಪಂದ ಮಾಡಿಕೊಂಡ ದೇಶಗಳೆಲ್ಲ ಒಪ್ಪಿದ ಒಂದೇ ನಮೂನೆಯಲ್ಲಿ ಬರೆದುಕೊಡುವುದು ಐಡಿಪಿಯ ಕೆಲಸ. ಪದ್ಯವಿಲ್ಲದ ತಾತ್ಪರ್ಯಕ್ಕೆ ಬೆಲೆ ಇಲ್ಲ. ಮೂಲ ಡಿಎಲ್ ಮನೆಯಲ್ಲಿ ಬಿಟ್ಟು ಐಡಿಪಿ ಒಂದನ್ನೇ ಹಿಡಿದು ಹೋದರೆ ಏನೂ ಇಲ್ಲದೆ ಹೋದ ಹಾಗೆಯೇ. ಡಿಜಿಲಾಕರ್‌ನಲ್ಲಿರುವ ಡಿಎಲ್ ನಮ್ಮ ಟ್ರಾಫಿಕ್ ಪೊಲೀಸರಿಗೆ ನಡೆಯುತ್ತದೆ, ಕಡಲಾಚೆ ಪ್ಲಾಸ್ಟಿಕ್ ಕಾರ್ಡೇ ಬೇಕು.

ಕೈಯಲ್ಲಿ ಹಿಡಿದು ನೋಡಿದರೆ ಇದು ಪಾಸ್‌ಪೋರ್ಟಿಗಿಂತ ತುಸು ದೊಡ್ಡದು. ಬೂದು ರಟ್ಟು, ಒಳಗೆ ಬಿಳಿ ಹಾಳೆ. ಒಂದೇ ಒಕ್ಕಣೆ ಪುಟದಿಂದ ಪುಟಕ್ಕೆ ಬೇರೆ ಬೇರೆ ಭಾಷೆಯಲ್ಲಿರುತ್ತದೆ. ಕೊನೆಯ ಪುಟ ಫ್ರೆಂಚ್‌ನಲ್ಲೇ ಇರಬೇಕೆಂಬುದು ಒಪ್ಪಂದದ ನಿಯಮ. ಫೋಟೊ ಪಕ್ಕದಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಅಕ್ಷರಗಳಿವೆ. ನಿಮಗೆ ಯಾವುದಕ್ಕೆ ಅರ್ಹತೆ ಇದೆಯೋ ಅದರೆದುರಿಗೆ ಮಾತ್ರ ಮುದ್ರೆ ಬೀಳುತ್ತದೆ. ಎ ಅಂದರೆ ಬೈಕ್, ಬಿ ಅಂದರೆ ಕಾರು. ನಮ್ಮ ಡಿಎಲ್‌ನಲ್ಲಿ ಎಲ್‌ಎಂವಿ ಎಂದಿರುವುದು ಇಲ್ಲಿ ಬಿ ಆಗುತ್ತದೆ, ಎಂಸಿಡಬ್ಲ್ಯುಜಿ ಎಂದಿರುವುದು ಎ ಆಗುತ್ತದೆ. ಈ ಎ ಅಕ್ಷರದ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ, ಥಾಯ್ಲೆಂಡಿಗೆ ಹೊರಟವರು ಅದನ್ನು ಬಿಟ್ಟು ಓದಬೇಡಿ.

ಸಣ್ಣ ಪಿನ್, ದಪ್ಪ ಪಿನ್

ಒಂದು ಕಾಲದಲ್ಲಿ ಮೊಬೈಲ್ ಚಾರ್ಜರ್ ಕೇಳಿದರೆ "ಸಣ್ಣ ಪಿನ್ನಾ, ದಪ್ಪ ಪಿನ್ನಾ" ಎಂದು ಅಂಗಡಿಯವರು ಕೇಳುತ್ತಿದ್ದರು. ಎರಡೂ ಚಾರ್ಜರೇ, ಆದರೆ ಒಂದು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಐಡಿಪಿಯಲ್ಲೂ ಹೀಗೆ ಎರಡು ಪಿನ್ ಇವೆ.

ಕಾರುಗಳು ಗಡಿ ದಾಟಲು ಶುರುಮಾಡಿದ ಕಾಲದಲ್ಲೇ ದೇಶಗಳು ಕೂತು ಮಾತಾಡಿಕೊಂಡಿದ್ದವು. 1909ರಲ್ಲಿ, ಮತ್ತೆ 1926ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದಗಳಾದವು. ಇಂದಿಗೆ ಮುಖ್ಯವಾದವು ಅವುಗಳ ನಂತರದ ಎರಡು: ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದ ಮತ್ತು 1968ರ ವಿಯೆನ್ನಾ ಒಪ್ಪಂದ. ಕೆಲವು ದೇಶಗಳು ಎರಡಕ್ಕೂ ಸೇರಿವೆ, ಕೆಲವು ಒಂದಕ್ಕೆ ಮಾತ್ರ, ಕೆಲವು ಯಾವುದಕ್ಕೂ ಇಲ್ಲ. ಭಾರತ ಕೊಡುವ ಐಡಿಪಿ 1949ರ ಜಿನೀವಾ ಒಪ್ಪಂದದ್ದು. ಅದಕ್ಕೆ ಒಂದೇ ವರ್ಷ ಆಯುಸ್ಸು. ವಿಯೆನ್ನಾ ಮಾದರಿಯದು ಗರಿಷ್ಠ ಮೂರು ವರ್ಷ ನಡೆಯುತ್ತದೆ.

ಇದರಿಂದ ನಮಗೇನು? ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ. ಅಲ್ಲಿ ನಾವು ಗೆದ್ದೆವು. ಜರ್ಮನಿಯವರು, ಫ್ರಾನ್ಸಿನವರು ತಮ್ಮ ಲೈಸೆನ್ಸಿಗೆ ಜಪಾನಿ ಅನುವಾದ ಮಾಡಿಸಿಕೊಂಡು ಬರಬೇಕು, ನಮ್ಮವರು ಆರ್‌ಟಿಒ ಕೊಟ್ಟ ಪುಸ್ತಕ, ಮೂಲ ಡಿಎಲ್, ಪಾಸ್‌ಪೋರ್ಟ್ ಮೂರನ್ನೂ ತೋರಿಸಿ ಹೊಕ್ಕೈಡೊ ಸುತ್ತಬಹುದು. ಅಲ್ಲಿಯೂ ಎಡಗಡೆಯೇ ಓಡಿಸುವುದು, ಅದೊಂದು ನೆಮ್ಮದಿ.

ವಿಯೆಟ್ನಾಂನಲ್ಲಿ ತಿರುವುಮುರುವು. ಅದು ಒಪ್ಪುವುದು 1968ರದ್ದನ್ನು. ಹಾ ಜಿಯಾಂಗ್‌ನ ಬೆಟ್ಟದ ರಸ್ತೆಯಲ್ಲಿ ಬೈಕ್ ಓಡಿಸುವ ವಿಡಿಯೊ ನೋಡಿ ಹೊರಡುವ ಹುಡುಗರು ಐಡಿಪಿ ಮಾಡಿಸಿಕೊಂಡೇ ಹೋಗಿರುತ್ತಾರೆ. ಬಾಡಿಗೆ ಅಂಗಡಿಯವನು ಅದನ್ನು ಒಮ್ಮೆ ನೋಡಿ ಬೈಕ್ ಕೊಟ್ಟೂ ಬಿಡುತ್ತಾನೆ. ಪೊಲೀಸ್ ತಡೆದಾಗ ಗೊತ್ತಾಗುತ್ತದೆ, ಇದು ಸಣ್ಣ ಪಿನ್ ಎಂದು. ಅಲ್ಲಿ ಬೈಕ್ ಓಡಿಸುವವನ ಹಿಂದೆ ಕೂತು ಹೋಗುವ ವ್ಯವಸ್ಥೆ ಸಿಗುತ್ತದೆ, ಘಾಟಿ ನೋಡುವುದಕ್ಕೆ ಅದೇ ಚೆಂದ.

ಚೀನಾದ ಮುಖ್ಯ ಭೂಭಾಗದಲ್ಲಿ ಯಾವ ಪಿನ್ನೂ ಕೂರುವುದಿಲ್ಲ. ಅಲ್ಲಿನ ತಾತ್ಕಾಲಿಕ ಲೈಸೆನ್ಸನ್ನೇ ಪಡೆಯಬೇಕು. ಶ್ರೀಲಂಕಾದ್ದು ಇನ್ನೊಂದು ಬಗೆ: ಐಡಿಪಿ ಒಂದೇ ಇದ್ದರೆ ಸಾಲದು, ಅಲ್ಲಿನ ಅನುಮತಿಯೂ ಬೇಕು. ಕೊಲಂಬೊದಲ್ಲಿ ಇಳಿದ ಕೂಡಲೇ ಕೀಲಿ ತಿರುಗಿಸುವ ಯೋಜನೆ ಹಾಕಿಕೊಂಡವರು ಇದನ್ನು ಮರೆತಿರುತ್ತಾರೆ.

ಎಲ್ಲಿ ಬೇಕು, ಎಲ್ಲಿ ಬೇಡ

ನಮ್ಮ ಅದೃಷ್ಟಕ್ಕೆ ಭಾರತದ ಡಿಎಲ್ ಇಂಗ್ಲಿಷ್‌ನಲ್ಲಿದೆ. ಹಾಗಾಗಿ ಇಂಗ್ಲಿಷ್ ಓದುವ ದೇಶಗಳಲ್ಲಿ ತಾತ್ಪರ್ಯದ ಅಗತ್ಯವೇ ಬೀಳುವುದಿಲ್ಲ. ಬ್ರಿಟನ್ನಿಗೆ ಭೇಟಿ ಕೊಡುವವರು ತಮ್ಮ ಊರಿನ ಲೈಸೆನ್ಸಿನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಸಿಂಗಪುರಗಳಲ್ಲೂ ಪ್ರವಾಸಿಗೆ ಇಂಗ್ಲಿಷ್ ಲೈಸೆನ್ಸ್ ಸಾಕು.

ಇಟಲಿ, ಗ್ರೀಸ್, ಸ್ಪೇನ್, ಆಸ್ಟ್ರಿಯಾಗಳಲ್ಲಿ ಹಾಗಲ್ಲ. ಐರೋಪ್ಯ ಒಕ್ಕೂಟದ ಹೊರಗಿನವರಿಂದ ಈ ದೇಶಗಳು ಐಡಿಪಿ ಕೇಳುತ್ತವೆ. ಇಟಲಿಯಲ್ಲಿ ಅದರ ಬದಲು ಪ್ರಮಾಣೀಕರಿಸಿದ ಇಟಾಲಿಯನ್ ಅನುವಾದವೂ ಆದೀತು, ಜರ್ಮನಿಯಲ್ಲಿ ಜರ್ಮನ್ ಅನುವಾದವಾದೀತು. ಆದರೆ ಅನುವಾದಕ್ಕೆ ಓಡಾಡುವುದಕ್ಕಿಂತ ಇಲ್ಲೇ ಐಡಿಪಿ ಮಾಡಿಸುವುದು ಅಗ್ಗ. ಗ್ರೀಸ್ 2021ರಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೆ ವಿನಾಯಿತಿ ಕೊಟ್ಟಿತು. ಯಾವುದೋ ಅಮೆರಿಕನ್ನನ ಯೂಟ್ಯೂಬ್ ವಿಡಿಯೊದಲ್ಲಿ "ಗ್ರೀಸ್‌ನಲ್ಲಿ ಐಡಿಪಿ ಬೇಡ" ಎಂದು ಕೇಳಿದ್ದರೆ ಅದು ಅವನಿಗೆ ನಿಜ, ನಮಗಲ್ಲ. ಈ ವಿಷಯದಲ್ಲಿ ಬೇರೆ ದೇಶದವರ ಸಲಹೆ ನಂಬಿ ಕೆಟ್ಟವರೇ ಹೆಚ್ಚು.

ದುಬೈಗೆ ಪ್ರತ್ಯೇಕ ಮಾತು ಬೇಕು, ಯಾಕೆಂದರೆ ಮಂಗಳೂರು, ಉಡುಪಿ, ಭಟ್ಕಳದ ಕಡೆ ಅಲ್ಲಿ ನೆಂಟರಿಲ್ಲದ ಮನೆ ಸಿಗುವುದು ಕಷ್ಟ. ಪ್ರವಾಸಿ ವೀಸಾದಲ್ಲಿ ಹೋದ ಭಾರತೀಯ ಅಲ್ಲಿ ಕಾರು ಬಾಡಿಗೆಗೆ ಪಡೆಯಲು ಐಡಿಪಿ ಬೇಕು. ಆದರೆ ಕೆಲಸ ಸಿಕ್ಕಿ ನಿವಾಸಿ ವೀಸಾ ಆದ ಮೇಲೆ ಅದೇ ಐಡಿಪಿ ನಡೆಯುವುದಿಲ್ಲ, ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ಇದು ದುಬೈಗೆ ಮಾತ್ರ ಸೇರಿದ್ದಲ್ಲ. ಐಡಿಪಿ ಹುಟ್ಟಿದ್ದೇ ಬಂದು ಹೋಗುವವರಿಗಾಗಿ, ನೆಲೆ ನಿಂತವರಿಗಲ್ಲ. ಜರ್ಮನಿಯಲ್ಲಿ ಹೋಗಿ ನೆಲೆಸಿದವರಿಗೆ ಭಾರತದ ಲೈಸೆನ್ಸ್ ನಡೆಯುವುದು ಮೊದಲ ಆರು ತಿಂಗಳು ಮಾತ್ರ.

ಫ್ಲಾರಿಡಾದಲ್ಲಿ ನಡೆದದ್ದು

ಅಮೆರಿಕದಲ್ಲಿ ಐಡಿಪಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ ಐಡಿಪಿ ಕೇಳುವುದಿಲ್ಲ, 18 ದಾಟಿದ ಪ್ರವಾಸಿಯ ಬಳಿ ಅವನ ದೇಶದ ಚಾಲ್ತಿ ಲೈಸೆನ್ಸ್ ಇದ್ದರಾಯಿತು. ಭಾವನ ತಮ್ಮನಿಗೆ ತೊಂದರೆಯಾಗದಿದ್ದುದು ಅದಕ್ಕೇ.

2013ರ ಜನವರಿ 1ರಿಂದ ಫ್ಲಾರಿಡಾ ಒಂದು ಕಾನೂನು ತಂದಿತು, ವಿದೇಶಿ ಚಾಲಕರೆಲ್ಲ ಐಡಿಪಿ ಇಟ್ಟುಕೊಂಡಿರಬೇಕು ಎಂದು. ಚಳಿಗಾಲ ಕಳೆಯಲು ಫ್ಲಾರಿಡಾಕ್ಕೆ ಇಳಿದು ಬರುವ ಕೆನಡಾದವರಿಗೆ ದಿಗಿಲಾಯಿತು. ಆಮೇಲೆ ಯಾರೋ 1949ರ ಒಪ್ಪಂದ ತೆಗೆದು ನೋಡಿದರು. ಅಮೆರಿಕವೂ ಕೆನಡಾವೂ ಅದಕ್ಕೆ ಸೇರಿದ ದೇಶಗಳು. ಒಪ್ಪಂದದ ಪ್ರಕಾರ ಒಬ್ಬರು ಕೊಟ್ಟ ಲೈಸೆನ್ಸನ್ನು ಇನ್ನೊಬ್ಬರು ಮತ್ತೆ ಪರೀಕ್ಷೆ ಇಲ್ಲದೆ ಮಾನ್ಯ ಮಾಡಬೇಕು. ಐಡಿಪಿ ಕೇಳಬಹುದಾದದ್ದು ಮುಖ್ಯವಾಗಿ ಆ ಲೈಸೆನ್ಸ್ ಒಪ್ಪಿತ ನಮೂನೆಯಲ್ಲಿ ಇಲ್ಲದಾಗ. ಎಲ್ಲರಿಗೂ ಕಡ್ಡಾಯ ಎನ್ನುವ ರಾಜ್ಯದ ಕಾನೂನು ದೇಶದ ಒಪ್ಪಂದದ ಮುಂದೆ ನಿಲ್ಲಲಿಲ್ಲ. ಫೆಬ್ರುವರಿಯಲ್ಲೇ ಅಲ್ಲಿನ ಹೆದ್ದಾರಿ ಪೊಲೀಸರು ಅದನ್ನು ಜಾರಿ ಮಾಡುವುದಿಲ್ಲ ಎಂದರು, ಅದೇ ವರ್ಷ ಕಾನೂನೂ ರದ್ದಾಯಿತು.

ಹಾಗಾದರೆ ಕಾನೂನು ಬೇಡ ಅಂದ ಮೇಲೆ ಚಿಂತೆ ಇಲ್ಲವೇ? ಇದೆ. ಬಾಡಿಗೆ ಕಾರಿನ ಕಂಪನಿ ಸರ್ಕಾರವಲ್ಲ. ಅದು ತನ್ನ ಕಾರನ್ನು ಯಾರಿಗೆ ಕೊಡಬೇಕು ಎಂಬುದಕ್ಕೆ ತನ್ನದೇ ಷರತ್ತು ಹಾಕಬಹುದು. ಮದುವೆ ಛತ್ರ ಬಾಡಿಗೆಗೆ ಪಡೆದ ಹಾಗೆ: ಊರಿನ ಕಾನೂನು ರಾತ್ರಿ ಅಡುಗೆ ಮಾಡಬೇಡಿ ಎನ್ನುವುದಿಲ್ಲ, ಛತ್ರದವರು ಹನ್ನೊಂದಕ್ಕೆ ಅಡುಗೆಮನೆ ಬೀಗ ಹಾಕುತ್ತಾರೆ. ಬುಕಿಂಗ್ ಮಾಡುವಾಗ "ಷರತ್ತುಗಳು" ಎಂಬ ಕಡೆ ಒತ್ತಿ, ನಾವು ಕಾರು ಎತ್ತಿಕೊಳ್ಳುವ ದೇಶ ಮತ್ತು ಊರಿನ ಪುಟದಲ್ಲಿ ಲೈಸೆನ್ಸ್ ಬಗ್ಗೆ ಏನಿದೆ ಓದಬೇಕು. ಒಂದೇ ಕಂಪನಿಯದ್ದಾದರೂ ಒಂದೊಂದು ದೇಶದಲ್ಲಿ ಒಂದೊಂದು ಷರತ್ತು ಇರುತ್ತದೆ. ಐಡಿಪಿಯ ಜೊತೆಗೆ ವಯಸ್ಸು ಎಷ್ಟಾಗಿರಬೇಕು, ಡಿಎಲ್ ಪಡೆದು ಎಷ್ಟು ವರ್ಷವಾಗಿರಬೇಕು, ಠೇವಣಿಗೆ ಕ್ರೆಡಿಟ್ ಕಾರ್ಡೇ ಬೇಕೇ ಎನ್ನುವುದೂ ಅಲ್ಲೇ ಇರುತ್ತದೆ. ಕೌಂಟರಿನಿಂದ ಬರಿಗೈಲಿ ವಾಪಸಾದವರಲ್ಲಿ ಡೆಬಿಟ್ ಕಾರ್ಡ್ ಕೊಟ್ಟು ಕೆಟ್ಟವರೂ ಇದ್ದಾರೆ.

ಇನ್ನು ವಿಮೆಯವರು. ಕೌಂಟರ್‌ನವನು ಐಡಿಪಿ ಕೇಳದೆ ಕೀಲಿ ಕೊಟ್ಟ ಅಂತಿಟ್ಟುಕೊಳ್ಳಿ. ಆ ದೇಶದ ಕಾನೂನಿಗೆ ಐಡಿಪಿ ಬೇಕಿದ್ದರೆ, ಅಪಘಾತವಾದ ದಿನ ವಿಮೆ ಕಂಪನಿ ಕೇಳುವ ಮೊದಲ ಪ್ರಶ್ನೆ, ಕಾನೂನುಬದ್ಧ ಲೈಸೆನ್ಸ್ ಇತ್ತೇ ಎಂದು. ಇಲ್ಲ ಎಂದಾದರೆ ಕಾರಿನ ರಿಪೇರಿ, ಎದುರಿನವನ ನಷ್ಟ, ಆಸ್ಪತ್ರೆಯ ಬಿಲ್ ಎಲ್ಲ ನಮ್ಮ ತಲೆಗೇ ಬರುವ ಸಾಧ್ಯತೆ ಇದೆ.

ಫುಕೆಟ್‌ನ ಸ್ಕೂಟರ್

ಎ ಅಕ್ಷರದ ವಿಷಯ ಬಾಕಿ ಇತ್ತು. ಥಾಯ್ಲೆಂಡಿನಲ್ಲಿ ಕಾರಿಗಿಂತ ಹೆಚ್ಚಾಗಿ ನಮ್ಮವರು ಹಿಡಿಯುವುದು ಸ್ಕೂಟರ್. ಹೋಟೆಲ್ ಪಕ್ಕದ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಲೈಸೆನ್ಸ್ ಯಾರೂ ಕೇಳುವುದಿಲ್ಲ. ಕೇಳುವುದಿಲ್ಲ ಎಂದರೆ ಬೇಡ ಎಂದಲ್ಲ. ಥಾಯ್ ಲೈಸೆನ್ಸ್ ಇಲ್ಲದ ಭಾರತೀಯ ಅಲ್ಲಿ ಗಾಡಿ ಓಡಿಸಲು ಐಡಿಪಿ ಇರಬೇಕು, ಅದರಲ್ಲಿ ಎ ಎದುರಿಗೆ ಮುದ್ರೆ ಇರಬೇಕು.

ಬೆಂಗಳೂರಿನಲ್ಲಿ ಕಾರು ಕಲಿತು ಎಲ್‌ಎಂವಿ ಮಾತ್ರ ಮಾಡಿಸಿಕೊಂಡವರು ಬಹಳ ಮಂದಿ. ಗಲ್ಲಿಯಲ್ಲಿ ಅಣ್ಣನ ಆಕ್ಟಿವಾ ಓಡಿಸಿ ರೂಢಿ ಇರುತ್ತದೆ, ಡಿಎಲ್‌ನಲ್ಲಿ ದ್ವಿಚಕ್ರ ಇರುವುದಿಲ್ಲ. ಅಂಥವರ ಐಡಿಪಿಯಲ್ಲಿ ಬಿ ಒಂದಕ್ಕೇ ಮುದ್ರೆ ಬಿದ್ದಿರುತ್ತದೆ. ಪುಸ್ತಕ ಕೈಯಲ್ಲಿದ್ದರೂ ಸ್ಕೂಟರಿನ ಮಟ್ಟಿಗೆ ಅವರು ಲೈಸೆನ್ಸ್ ಇಲ್ಲದವರೇ. ನಾಕಾಬಂದಿಯಲ್ಲಿ ಸಿಕ್ಕರೆ ದಂಡ ಕಟ್ಟಿ ಬರಬಹುದು. ಬಿದ್ದು ಕಾಲು ಮುರಿದರೆ, ಪ್ರವಾಸ ವಿಮೆಯ ಸಣ್ಣ ಅಕ್ಷರಗಳಲ್ಲಿ "ಸೂಕ್ತ ಲೈಸೆನ್ಸ್ ಇದ್ದಲ್ಲಿ ಮಾತ್ರ" ಎಂಬ ಸಾಲು ಕಾದು ಕೂತಿರುತ್ತದೆ. ಬಾಲಿಯಲ್ಲೂ ಇದೇ ಕತೆ. ಡಿಎಲ್‌ಗೆ ದ್ವಿಚಕ್ರ ಸೇರಿಸಬೇಕಿದ್ದರೆ ಮತ್ತೆ ಎಲ್‌ಎಲ್‌ಆರ್, ಮತ್ತೆ ಟೆಸ್ಟ್. ಟಿಕೆಟ್ ಬುಕ್ ಮಾಡಿದ ಮೇಲೆ ನೆನಪಾದರೆ ಸಮಯ ಸಾಲುವುದಿಲ್ಲ.

ಆರ್‌ಟಿಒದಲ್ಲಿ ಏನೇನು

ಮಾಡಿಸುವುದು ಸುಲಭ. ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಬರುತ್ತದೋ ಅಲ್ಲಿ. ಅರ್ಜಿಯ ಹೆಸರು ಫಾರಂ 4ಎ. ಪರಿವಾಹನ್ ತಾಣದ ಸಾರಥಿ ವಿಭಾಗದಲ್ಲಿ ಡಿಎಲ್ ನಂಬರ್, ಹುಟ್ಟಿದ ತಾರೀಖು ಕೊಟ್ಟು ಅರ್ಜಿ ತುಂಬಬಹುದು. ಚಾಲ್ತಿಯಲ್ಲಿರುವ ಡಿಎಲ್, ಪಾಸ್‌ಪೋರ್ಟ್, ಫೋಟೊ ಬೇಕು. ಕೇಂದ್ರ ನಿಯಮಗಳ ಪ್ರಕಾರ ಶುಲ್ಕ 1,000 ರೂಪಾಯಿ. ಎಲ್‌ಎಲ್‌ಆರ್ ಇದ್ದವರಿಗೆ ಇದು ಸಿಗುವುದಿಲ್ಲ.

ಮೊದಲು ವೈದ್ಯಕೀಯ ಪ್ರಮಾಣಪತ್ರ, ವೀಸಾ ಎರಡನ್ನೂ ಕೇಳುತ್ತಿದ್ದರು. ಇಳಿದ ಮೇಲೆ ವೀಸಾ ಕೊಡುವ ದೇಶಕ್ಕೆ ಹೊರಟವನು ವೀಸಾ ಎಲ್ಲಿಂದ ತರಬೇಕು? 2021ರ ಜನವರಿಯ ಅಧಿಸೂಚನೆಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎರಡನ್ನೂ ಕೈಬಿಟ್ಟಿತು. ಅದೇ ಅಧಿಸೂಚನೆ ವಿದೇಶದಲ್ಲಿದ್ದಾಗ ಐಡಿಪಿಯ ಅವಧಿ ಮುಗಿದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಲು ದಾರಿ ಮಾಡಿಕೊಟ್ಟಿತು. ಮೊದಲು ಅದಕ್ಕಾಗಿ ಊರಿಗೇ ಬರಬೇಕಿತ್ತು.

ಇನ್ನೊಂದು ತೊಡಕೂ ಇತ್ತು. ಐಡಿಪಿಯ ಅಳತೆ, ಬಣ್ಣ, ನಮೂನೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುತ್ತಿತ್ತು. ಹೊರದೇಶದಲ್ಲಿ ಇದರಿಂದ ಜನ ಪೇಚಾಡುತ್ತಿದ್ದರು. 2022ರ ಆಗಸ್ಟಿನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಬಂತು, ಮೂಲ ಡಿಎಲ್ ಜೊತೆ ತಾಳೆ ನೋಡಲು ಕ್ಯುಆರ್ ಕೋಡ್ ಕೂಡ ಸೇರಿತು. ಪುಸ್ತಕ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇವೆಯೇ ನೋಡಿಕೊಳ್ಳಿ. ಡಿಎಲ್‌ನಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಎನ್ನುವುದು ನಮ್ಮ ಕಡೆ ಮನೆಮನೆಯ ಸಮಸ್ಯೆ. ಎರಡು ಹೆಸರೂ ಒಬ್ಬರದೇ ಎಂದು ವಿದೇಶದ ಕೌಂಟರಿನಲ್ಲಿ ವಿವರಿಸುವುದು ಸುಖದ ಕೆಲಸವಲ್ಲ.

ಗೂಗಲ್‌ನಲ್ಲಿ ಹುಡುಕಿದರೆ ಹತ್ತು ನಿಮಿಷದಲ್ಲಿ "ಇಂಟರ್‌ನ್ಯಾಷನಲ್ ಲೈಸೆನ್ಸ್" ಕೊಡುತ್ತೇವೆ ಎನ್ನುವ ತಾಣಗಳು ಸಾಲುಗಟ್ಟಿ ಬರುತ್ತವೆ. ಡಾಲರ್ ಲೆಕ್ಕದಲ್ಲಿ ಹಣ, ಮೂರು ವರ್ಷ, ಹತ್ತು ವರ್ಷದ ಅವಧಿ, ಮಿರಿಮಿರಿ ಕಾರ್ಡ್. ಯಾವ ದೇಶ ಡಿಎಲ್ ಕೊಟ್ಟಿದೆಯೋ ಆ ದೇಶದ ಅಧಿಕೃತ ಸಂಸ್ಥೆ ಮಾತ್ರ ಅದಕ್ಕೆ ಐಡಿಪಿ ಕೊಡಬಹುದು. ಭಾರತದ ಐಡಿಪಿಗೆ ಒಂದೇ ವರ್ಷ ಎಂದು ಗೊತ್ತಿದ್ದವರಿಗೆ ಹತ್ತು ವರ್ಷದ ಕಾರ್ಡ್ ನೋಡಿದರೆ ನಗು ಬರಬೇಕು. ನನ್ನ ಪರಿಚಯದ ಒಬ್ಬರು ಅಂಥದ್ದನ್ನು ಕೊಂಡು ಪರ್ಸಿನಲ್ಲಿಟ್ಟುಕೊಂಡಿದ್ದಾರೆ, ಇನ್ನೂ ಎಲ್ಲೂ ತೋರಿಸುವ ಪ್ರಸಂಗ ಬಂದಿಲ್ಲ.

ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಆರು ತಿಂಗಳು ಹೋಗುವ ಅಪ್ಪಂದಿರು ಅಲ್ಲಿ ತಾವೂ ಕಾರು ಓಡಿಸೋಣ ಅಂದುಕೊಳ್ಳುವುದುಂಟು. ಓಡಿಸಬಹುದು. ಆ ರಾಜ್ಯದ ನಿಯಮ ನೋಡಿಕೊಳ್ಳಬೇಕು, ಅಳಿಯನ ಕಾರಾದರೆ ಅವನ ವಿಮೆಯವರಿಗೆ ಮೊದಲೇ ತಿಳಿಸಿರಬೇಕು. ಐಡಿಪಿ ಇದ್ದರೆ ಪೊಲೀಸ್ ನಿಲ್ಲಿಸಿದಾಗ ಮಾತು ಬೇಗ ಮುಗಿಯುತ್ತದೆ.

ಇವರು ಎಡವುವುದು ಬೇರೆ ಕಡೆ. ನಮ್ಮಲ್ಲಿ 50ರಿಂದ 55ರ ನಡುವೆ ನವೀಕರಿಸಿದ ಡಿಎಲ್ 60 ತುಂಬುವವರೆಗೆ ಮಾತ್ರ, 55 ದಾಟಿದ ಮೇಲೆ ನವೀಕರಿಸಿದ್ದು ಐದೈದು ವರ್ಷಕ್ಕೆ. ಐಡಿಪಿಯ ಮೇಲೆ ಒಂದು ವರ್ಷ ಎಂದಿದ್ದರೂ ಮೂಲ ಡಿಎಲ್ ಮುಗಿದ ದಿನವೇ ಅದೂ ಮುಗಿಯಿತು. ವೀಸಾದ ತಾರೀಖು, ವಾಪಸ್ ಟಿಕೆಟಿನ ತಾರೀಖು, ಮಾತ್ರೆ ಎಷ್ಟು ದಿನಕ್ಕೆ ಬೇಕು ಎಂಬುದನ್ನೆಲ್ಲ ಬರೆದಿಟ್ಟುಕೊಂಡವರು ಡಿಎಲ್ ಕಾರ್ಡಿನ ಮೇಲಿನ ತಾರೀಖನ್ನು ನೋಡಿರುವುದಿಲ್ಲ. ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಮೊದಲು ಅದು, ಹೊಸ ಕಾರ್ಡ್ ಬಂದ ಮೇಲೆ ಐಡಿಪಿ. ಈ ಮುಂದಿನ ಬೇಸಿಗೆಗೆ ಭಾವ ಮತ್ತೆ ಇಟಲಿಗೆ ಹೊರಟಿದ್ದಾರೆ. ಅವರಿಗೆ ಈ ನವೆಂಬರ್‌ಗೆ 60.